ಆಡದೆ ಮುಗಿದ ಮೂರನೆಯ ಪಂದ್ಯ

ಆಫ್ರಿಕಾ ಖಂಡದ ಕಾಲ್ಚೆಂಡಾಟದ ದಾಖಲೆಗಳನ್ನು ತೆರೆದು ೧೯೬೭ನೆಯ ಇಸವಿಯ ಮುಂದಿರುವ ಸಾಲನ್ನು ಓದಿದವರಿಗೆ ಸ್ವಲ್ಪ ತಬ್ಬಿಬ್ಬಾಗುವುದು ಸಹಜ. ಆ ವರ್ಷದ ಚಾಂಪಿಯನ್ ಕ್ಲಬ್ಬುಗಳ ಕಪ್ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದು ನಿಂತವು ಎರಡು ತಂಡಗಳು: ಘಾನಾ ದೇಶದ ಅಸಾಂಟೆ ಕೊಟೊಕೊ ಮತ್ತು ಕಾಂಗೋ ದೇಶದ ಎಂಗ್ಲೆಬೆರ್. ಮೊದಲ ಪಂದ್ಯ ೧–೧, ಎರಡನೆಯದು ೨–೨. ಇಬ್ಬರೂ ಹೊಡೆದ ಗೋಲುಗಳು ಮೂರು ಮೂರು. ಆದರೂ ಕಪ್ ಎಂಗ್ಲೆಬೆರ್ ತಂಡದ್ದೆಂದು ಬರೆದಿದೆ. ನಡುವೆ ಮೂರನೆಯ ಪಂದ್ಯವೊಂದು ನಡೆಯಬೇಕಾಗಿತ್ತು, ನಡೆಯಲಿಲ್ಲ. ಅದೇಕೆ ನಡೆಯಲಿಲ್ಲವೆಂಬ ಕಥೆಯಲ್ಲಿ ಆಟ ಕಾಣುವಷ್ಟೇ ಆ ದಶಕದ ಆಫ್ರಿಕದ ಚರಿತ್ರೆಯೂ ಕಾಣುತ್ತದೆ. ಆದುದರಿಂದ ಅದನ್ನು ತುಸು ವಿವರವಾಗಿ ಹೇಳುವುದು ಯುಕ್ತ.

ಆಫ್ರಿಕದ ಕಾಲ್ಚೆಂಡು ಸಂಘಗಳ ಒಕ್ಕೂಟ ಹುಟ್ಟಿದ್ದು ೧೯೫೭ರ ಫೆಬ್ರವರಿಯಲ್ಲಿ, ಸುಡಾನಿನ ಖಾರ್ಟೂಮ್ ನಗರದಲ್ಲಿ. ಆಗ ಸೇರಿದವು ನಾಲ್ಕೇ ದೇಶಗಳು: ಈಜಿಪ್ಟ್, ಸುಡಾನ್, ಇಥಿಯೋಪಿಯಾ ಮತ್ತು ದಕ್ಷಿಣ ಆಫ್ರಿಕಾ. ಬಿಳಿಯರೂ ಕರಿಯರೂ ಕೂಡಿದ ತಂಡವನ್ನು ಕಳಿಸಲು ದಕ್ಷಿಣ ಆಫ್ರಿಕದವರು ಒಪ್ಪಲಿಲ್ಲ. ಉಳಿದ ಮೂವರು ಅವರನ್ನು ಬಿಟ್ಟು ಮೊದಲ ರಾಷ್ಟ್ರೀಯ ತಂಡಗಳ ಕಪ್ ಆಡಿ ಮುಗಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ಖಂಡದ ಭೂಪಟವೇ ಬದಲಾಯಿತು. ೧೯೬೦ ಒಂದೇ ವರ್ಷದಲ್ಲಿ ಹದಿನೇಳು ದೇಶಗಳು ಸ್ವತಂತ್ರವಾದವು. ಹೊಸ ಧ್ವಜ, ಹೊಸ ರಾಷ್ಟ್ರಗೀತೆ ಇವುಗಳ ಜೊತೆಗೆ ಪ್ರತಿಯೊಂದು ಹೊಸ ಸರ್ಕಾರಕ್ಕೂ ಬೇಕಾದದ್ದು ಒಂದು ಕಾಲ್ಚೆಂಡಿನ ತಂಡ. ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ನಾಲ್ಕಾರು ಭಾಷೆ, ಹತ್ತಾರು ಬುಡಕಟ್ಟುಗಳ ಜನ ಒಂದೇ ಹೆಸರನ್ನು ಒಟ್ಟಾಗಿ ಕೂಗುವ ಸ್ಥಳ ಆ ದೇಶಗಳಲ್ಲಿ ಆಟದ ಬಯಲಲ್ಲದೆ ಬೇರೆ ಹೆಚ್ಚು ಇರಲಿಲ್ಲ.

ಈ ಮಾತನ್ನು ಚೆನ್ನಾಗಿ ಅರಿತಿದ್ದವರು ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ. ಆಫ್ರಿಕದ ಐಕ್ಯ ಅವರ ಜೀವನದ ಮಂತ್ರವಾಗಿತ್ತು. ರಾಷ್ಟ್ರಗಳ ಕಪ್ಪಿನ ಜೊತೆಗೆ ಕ್ಲಬ್ಬುಗಳಿಗೂ ಒಂದು ಕಪ್ ಬೇಕೆಂದು ೧೯೬೪ರಲ್ಲಿ ಸ್ಪರ್ಧೆ ಆರಂಭವಾದಾಗ ಅದರ ಕೊನೆಯ ಹಂತಕ್ಕೆ ಆತಿಥ್ಯ ನೀಡಿದ್ದು ಅವರ ರಾಜಧಾನಿ ಅಕ್ರಾ. ೧೯೬೫ರ ಫೆಬ್ರವರಿಯಲ್ಲಿ ಅಲ್ಲಿ ನಾಲ್ಕು ತಂಡಗಳು ಸೇರಿದವು. ಕೆಮರೂನಿನ ಓರಿಕ್ಸ್ ದುವಾಲಾ ತಂಡ ಮಾಲಿಯ ಸ್ಟಾಡ್ ಮಾಲಿಯೆನ್ ತಂಡವನ್ನು ೨–೧ರಿಂದ ಸೋಲಿಸಿ ಮೊದಲ ಕಪ್ ಎತ್ತಿತು. ಮರುಸಲ, ೧೯೬೬ರಲ್ಲಿ, ಕ್ರಮ ಬದಲಾಯಿತು. ಅಂತಿಮ ಸ್ಪರ್ಧೆ ಎರಡು ಪಂದ್ಯಗಳದ್ದಾಯಿತು. ಒಂದು ನಮ್ಮೂರಲ್ಲಿ, ಇನ್ನೊಂದು ನಿಮ್ಮೂರಲ್ಲಿ. ಬಮಾಕೊ ನಗರದಲ್ಲಿ ೧–೩ರಿಂದ ಸೋತ ಐವರಿ ಕೋಸ್ಟಿನ ಸ್ಟಾಡ್ ದಾಬಿಜಾನ್ ತಂಡ ತನ್ನೂರಲ್ಲಿ ೪–೧ರಿಂದ ಗೆದ್ದು, ಒಟ್ಟು ಗೋಲುಗಳ ಲೆಕ್ಕದಲ್ಲಿ ೫–೪ ಆಗಿ ಕಪ್ ಪಡೆಯಿತು. ಲೆಕ್ಕ ಸಮವಾದರೆ ಏನು ಮಾಡಬೇಕೆಂಬ ಪ್ರಶ್ನೆ ಆ ವರ್ಷ ಏಳಲಿಲ್ಲ. ಅದು ಎದ್ದದ್ದು ಮುಂದಿನ ವರ್ಷ.

ಆ ಪ್ರಶ್ನೆಯ ಎರಡು ತುದಿ ಹಿಡಿದು ನಿಂತ ತಂಡಗಳ ಪೂರ್ವಕಥೆಯನ್ನು ಇಲ್ಲಿ ಹೇಳಬೇಕು. ಯಾಕೆಂದರೆ ಇವೆರಡೂ ಬರಿಯ ಆಟದ ಕೂಟಗಳಾಗಿರಲಿಲ್ಲ.

ಘಾನಾದ ಕಾಡುಸೀಮೆಯ ನಡುವೆ ಇರುವ ಕುಮಾಸಿ ಅಸಾಂಟೆ ಜನರ ರಾಜಧಾನಿ. ಬ್ರಿಟಿಷರು ಅವರ ಅರಸು ಒಂದನೆಯ ಪ್ರೆಂಪೆಯನ್ನು ೧೮೯೬ರಲ್ಲಿ ಸೆರೆಹಿಡಿದು, ಕೊನೆಗೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಿಗೆ ಗಡೀಪಾರು ಮಾಡಿದರು. ಅವನು ತಿರುಗಿ ಬಂದದ್ದು ೧೯೨೪ರಲ್ಲಿ. ಅಸಾಂಟೆ ಒಕ್ಕೂಟಕ್ಕೆ ಮತ್ತೆ ಮಾನ್ಯತೆ ದೊರೆತದ್ದು ೧೯೩೫ರಲ್ಲಿ, ಎರಡನೆಯ ಪ್ರೆಂಪೆಯ ಕಾಲದಲ್ಲಿ. ಅದೇ ವರ್ಷ ಕುಮಾಸಿಯ ಒಂದು ಕಾಲ್ಚೆಂಡು ತಂಡ ಅರಸನ ಅನುಮತಿ ಪಡೆದು ‘ಅಸಾಂಟೆ ಕೊಟೊಕೊ’ ಎಂದು ಹೆಸರಿಟ್ಟುಕೊಂಡಿತು. ಕೊಟೊಕೊ ಎಂದರೆ ಮುಳ್ಳುಹಂದಿ. ಅದು ಅಸಾಂಟೆ ಜನರ ಲಾಂಛನ. ಸಾವಿರ ಮಂದಿಯನ್ನು ಕೊಂದರೆ ಮತ್ತೆ ಸಾವಿರ ಮಂದಿ ಬರುತ್ತಾರೆ ಎಂಬುದು ಅವರ ಹಳೆಯ ಯುದ್ಧಘೋಷ. ಮುಳ್ಳು ಉದುರಿದಷ್ಟೂ ಹುಟ್ಟುತ್ತದೆ ಎಂಬ ಭಾವ. ಆ ಘೋಷವೇ ತಂಡದ ಘೋಷವಾಯಿತು. ಕಳೆದುಕೊಂಡ ಸಿಂಹಾಸನದ ಗೌರವವನ್ನು ಚೆಂಡಿನ ಬಯಲಲ್ಲಿ ಹುಡುಕಿದ ಜನರ ತಂಡ ಅದು ಎಂದರೆ ತಪ್ಪಾಗದು.

ಸ್ವತಂತ್ರ ಘಾನಾದಲ್ಲಿ ಈ ಅಭಿಮಾನಕ್ಕೆ ಒಂದು ಪೆಟ್ಟು ಬಿದ್ದಿತು. ಎನ್‌ಕ್ರುಮಾ ಅವರ ಸರ್ಕಾರ ‘ರಿಯಲ್ ರಿಪಬ್ಲಿಕನ್ಸ್’ ಎಂಬ ಮಾದರಿ ತಂಡವೊಂದನ್ನು ಕಟ್ಟಿ, ಎಲ್ಲ ಪ್ರಮುಖ ಕ್ಲಬ್ಬುಗಳಿಂದ ಆಯ್ದ ಆಟಗಾರರನ್ನು ಅದಕ್ಕೆ ಸೇರಿಸಿತು. ಹಾಗೆ ಕೊಟೊಕೊ ತಂಡದಿಂದ ಹೋದವರಲ್ಲಿ ಬಾಬಾ ಯಾರಾ ಒಬ್ಬರು. ಬಲ ಅಂಚಿನಲ್ಲಿ ಅವರ ಓಟವನ್ನು ಕಂಡವರು ‘ರೆಕ್ಕೆಯಾಟಗಾರರ ರಾಜ’ ಎಂದು ಕರೆಯುತ್ತಿದ್ದರು. ೧೯೬೩ರಲ್ಲಿ ರಿಪಬ್ಲಿಕನ್ಸ್ ತಂಡದ ಬಸ್ಸು ಅಪಘಾತಕ್ಕೀಡಾಗಿ ಅವರ ಬೆನ್ನುಹುರಿಗೆ ಏಟು ಬಿತ್ತು. ಮತ್ತೆ ಅವರು ಆಡಲಿಲ್ಲ, ೧೯೬೯ರಲ್ಲಿ ತೀರಿಕೊಂಡರು. ಇಂದು ಕುಮಾಸಿಯ ಕ್ರೀಡಾಂಗಣಕ್ಕೆ ಅವರದೇ ಹೆಸರು. ೧೯೬೬ರ ಫೆಬ್ರವರಿ ೨೪ರಂದು, ಎನ್‌ಕ್ರುಮಾ ವಿದೇಶ ಪ್ರಯಾಣದಲ್ಲಿದ್ದಾಗ, ಸೈನ್ಯ ಅಧಿಕಾರ ಕಿತ್ತುಕೊಂಡಿತು. ಅವರ ಪ್ರತಿಮೆ ಉರುಳಿತು. ರಿಪಬ್ಲಿಕನ್ಸ್ ತಂಡವೂ ಮುಚ್ಚಿತು. ೧೯೬೭ರಲ್ಲಿ ಆಫ್ರಿಕದ ಕಪ್ಪಿಗಾಗಿ ಹೊರಟ ಕೊಟೊಕೊ ತಂಡಕ್ಕೆ ಕಸಿದುಕೊಂಡದ್ದನ್ನು ಮರಳಿ ಪಡೆಯುವ ಛಲವಿದ್ದಿತೆಂದು ಊಹಿಸುವುದು ಕಷ್ಟವಲ್ಲ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುವ ಓಸೆ ಕೋಫಿ ಆ ಕಾಲದ ಕೊಟೊಕೊ ತಂಡದ ಕಣ್ಮಣಿ. ಮುಂದೆ ಅವರು ಕ್ರೈಸ್ತ ಪಾದ್ರಿಯಾದರು.

ಇನ್ನು ಎದುರಾಳಿಗಳ ಕಡೆಗೆ ನೋಡೋಣ. ಕಾಂಗೋ ದೇಶದ ದಕ್ಷಿಣದಲ್ಲಿ ಕಟಾಂಗಾ ಎಂಬ ತಾಮ್ರದ ನಾಡಿದೆ. ಅದರ ಮುಖ್ಯ ಪಟ್ಟಣ, ಬೆಲ್ಜಿಯನ್ನರು ತಮ್ಮ ರಾಣಿಯ ಹೆಸರಿಟ್ಟ ಎಲಿಜಬೆತ್‌ವಿಲ್. ಅಲ್ಲಿ ೧೯೩೯ರಲ್ಲಿ ಬೆನೆಡಿಕ್ಟೈನ್ ಪಂಗಡದ ಕ್ರೈಸ್ತ ಸಂನ್ಯಾಸಿಗಳು ತಮ್ಮ ಶಾಲೆಯ ಹುಡುಗರಿಗಾಗಿ ತಂಡವೊಂದನ್ನು ಕಟ್ಟಿದರು. ಮೊದಲು ಅದಕ್ಕೆ ಸಂತ ಜಾರ್ಜನ ಹೆಸರಿತ್ತು. ಆಮೇಲೆ ಸಂತ ಪಾಲನದು. ಸಂತರ ಬಳಿಕ ಬಂದದ್ದು ಒಂದು ಟೈರ್ ಕಂಪೆನಿಯ ಹೆಸರು: ಎಂಗ್ಲೆಬೆರ್, ಬೆಲ್ಜಿಯಂ ದೇಶದ ಟೈರ್ ತಯಾರಕರು. ೧೯೬೬ರಲ್ಲಿ ಒಂದೂ ಸೋಲಿಲ್ಲದೆ ದೇಶದ ಚಾಂಪಿಯನ್ ಆದಾಗ ತಂಡ ತನಗೆ ತಾನೇ ‘ತೂ ಪ್ವಿಸ್ಸಾಂ’, ಅಂದರೆ ಸರ್ವಶಕ್ತ, ಎಂಬ ಬಿರುದನ್ನೂ ಸೇರಿಸಿಕೊಂಡಿತು.

ಸರ್ವಶಕ್ತವಾಗಿದ್ದದ್ದು ತಂಡವಷ್ಟೆ, ಊರು ನೊಂದು ಬೆಂದಿತ್ತು. ೧೯೬೦ರ ಜೂನ್ ಕೊನೆಗೆ ಕಾಂಗೋ ಸ್ವತಂತ್ರವಾದ ಹನ್ನೊಂದೇ ದಿನಗಳಲ್ಲಿ ಕಟಾಂಗಾ ಬೇರೆ ದೇಶವೆಂದು ಘೋಷಿಸಿಕೊಂಡಿತು. ಅದನ್ನು ಮತ್ತೆ ಒಂದುಗೂಡಿಸಲು ವಿಶ್ವಸಂಸ್ಥೆ ಕಳಿಸಿದ ಪಡೆಗಳಲ್ಲಿ ನಮ್ಮ ಭಾರತದ ಸೈನಿಕರು ಪ್ರಮುಖರಾಗಿದ್ದರು. ೧೯೬೧ರ ಡಿಸೆಂಬರ್ ೫ರಂದು ಇದೇ ಎಲಿಜಬೆತ್‌ವಿಲ್‌ನಲ್ಲಿ ರಸ್ತೆಯ ಅಡ್ಡಗಟ್ಟೆಯನ್ನು ತೆರವು ಮಾಡುವ ಕಾಳಗದಲ್ಲಿ ಗೂರ್ಖಾ ರೈಫಲ್ಸಿನ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಮಡಿದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ೧೯೬೩ರ ಜನವರಿಯಲ್ಲಿ ಕಟಾಂಗಾದ ಪ್ರತ್ಯೇಕತೆ ಕೊನೆಗೊಂಡಿತು. ೧೯೬೫ರ ನವೆಂಬರಿನಲ್ಲಿ ಸೇನಾಧಿಪತಿ ಮೊಬುಟು ಅಧಿಕಾರ ಹಿಡಿದರು. ೧೯೬೬ರಲ್ಲಿ ಎಲಿಜಬೆತ್‌ವಿಲ್ ಎಂಬ ಹೆಸರು ಹೋಗಿ ಲುಬುಂಬಾಶಿ ಎಂದಾಯಿತು. ೧೯೬೭ರ ಜುಲೈಯಲ್ಲಿ ಕಾಂಗೋದ ಪೂರ್ವ ಭಾಗದಲ್ಲಿ ಬಾಡಿಗೆ ಸಿಪಾಯಿಗಳು ದಂಗೆಯೆದ್ದರು. ಬುಕಾವು ಪಟ್ಟಣವನ್ನು ಹಿಡಿದುಕೊಂಡಿದ್ದ ಅವರು ಗಡಿ ದಾಟಿ ಓಡಿಹೋದದ್ದು ನವೆಂಬರ್ ಮೊದಲ ವಾರದಲ್ಲಿ. ಕಪ್ಪಿನ ಅಂತಿಮ ಸ್ಪರ್ಧೆಯ ಮೊದಲ ಪಂದ್ಯಕ್ಕೆ ಆಗ ಉಳಿದಿದ್ದದ್ದು ಎರಡೇ ವಾರ!

ಆ ಮೊದಲ ಪಂದ್ಯ ನಡೆದದ್ದು ನವೆಂಬರ್ ೧೯ರಂದು, ಕುಮಾಸಿಯಲ್ಲಿ. ತವರಿನ ಜನರ ಮುಂದೆ ಕೊಟೊಕೊ ಗೆಲ್ಲಲಾಗದೆ ೧–೧ರಲ್ಲಿ ನಿಂತಿತು. ಒಂದು ವಾರದ ಬಳಿಕ, ನವೆಂಬರ್ ೨೬ರಂದು, ಎರಡನೆಯ ಪಂದ್ಯ. ಲುಬುಂಬಾಶಿ ತಂಡದ ಈ ತವರು ಪಂದ್ಯ ನಡೆದದ್ದು ಲುಬುಂಬಾಶಿಯಲ್ಲಲ್ಲ. ಅಲ್ಲಿಂದ ಸಾವಿರದೈನೂರು ಕಿಲೋಮೀಟರಿಗೂ ದೂರದ ರಾಜಧಾನಿ ಕಿನ್ಶಾಸಾದಲ್ಲಿ. ಐದು ವರ್ಷ ಹಿಂದೆ ದೇಶದಿಂದ ಬೇರೆಯಾಗಿದ್ದ ಪ್ರಾಂತದ ತಂಡ ಈಗ ದೇಶದ ರಾಜಧಾನಿಯಲ್ಲಿ ದೇಶದ ಹೆಸರಿಗಾಗಿ ಆಡಿತು. ಕೊಟೊಕೊ ಅಲ್ಲಿ ಎರಡು ಗೋಲು ಹೊಡೆಯಿತು, ಎರಡು ಗೋಲು ಕೊಟ್ಟಿತು. ಒಟ್ಟು ೩–೩.

ಇಂದಿನ ಓದುಗರು, ಹಾಗಾದರೆ ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸಬಾರದಿತ್ತೆ ಎಂದು ಕೇಳಬಹುದು. ಪೆನಾಲ್ಟಿಗಳ ಪದ್ಧತಿಗೆ ಕಾಲ್ಚೆಂಡಿನ ನಿಯಮಮಂಡಳಿ ಒಪ್ಪಿಗೆ ಕೊಟ್ಟದ್ದು ೧೯೭೦ರಲ್ಲಿ. ಅಲ್ಲಿಯವರೆಗೆ ಬಿಡಿಸಲಾಗದ ಗಂಟನ್ನು ಅದೃಷ್ಟದ ಕೈಗೆ ಕೊಡುವುದೇ ವಾಡಿಕೆ. ಚೀಟಿ ಎತ್ತುವುದು, ಇಲ್ಲವೆ ನಾಣ್ಯ ಚಿಮ್ಮುವುದು. ೧೯೬೮ರ ಜೂನಿನಲ್ಲಿ ಯೂರೋಪಿನ ರಾಷ್ಟ್ರಗಳ ಸ್ಪರ್ಧೆಯ ಉಪಾಂತ್ಯ ಪಂದ್ಯದಲ್ಲಿ ಇಟಲಿ ಸೋವಿಯತ್ ತಂಡವನ್ನು ದಾಟಿದ್ದು ನಾಣ್ಯದ ಬಲದಿಂದಲೇ. ಮುಂದೆ ಇಟಲಿ ಚಾಂಪಿಯನ್ ಕೂಡ ಆಯಿತು. ಕಿನ್ಶಾಸಾದಲ್ಲೂ ಅದೃಷ್ಟದ ಆಟಕ್ಕೆ ಸಿದ್ಧತೆಯಾಯಿತು. ಕೊಟೊಕೊ ಪಕ್ಷದವರು ಒಪ್ಪಲಿಲ್ಲ. ಎರಡು ಪಂದ್ಯ ಬೆವರು ಸುರಿಸಿ ಗಳಿಸಿದ್ದನ್ನು ಒಂದು ಚೀಟಿಯ ಮೇಲೆ ಪಣವಿಡುವುದು ಅವರಿಗೆ ಸರಿಕಾಣಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಗೋಲುಗಳು ಸಮವಾದಾಗ ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರನ್ನು ವಿಜಯಿಗಳೆಂದು ಸಾರುವ ನಿಯಮ ೧೯೬೫ರಿಂದಲೇ ಯೂರೋಪಿನ ಒಂದು ಕಪ್ ಸ್ಪರ್ಧೆಯಲ್ಲಿ ಜಾರಿಗೆ ಬಂದಿತ್ತು. ಆ ನಿಯಮ ಅಂದು ಆಫ್ರಿಕದಲ್ಲಿಯೂ ಇದ್ದಿದ್ದರೆ ಲೆಕ್ಕ ಸುಲಭ. ಎಂಗ್ಲೆಬೆರ್ ಕುಮಾಸಿಯಲ್ಲಿ ಹೊಡೆದದ್ದು ಒಂದು ಗೋಲು. ಕೊಟೊಕೊ ಕಿನ್ಶಾಸಾದಲ್ಲಿ ಹೊಡೆದದ್ದು ಎರಡು. ಕಪ್ ಅದೇ ಸಂಜೆ ಕುಮಾಸಿಯ ದಾರಿ ಹಿಡಿಯುತ್ತಿತ್ತು. ಹಾಗೆಂದ ಮಾತ್ರಕ್ಕೆ ಕೊಟೊಕೊಗೆ ಅನ್ಯಾಯವಾಯಿತೆಂದು ಇದೊಂದರಿಂದಲೇ ಹೇಳಲಾಗದು. ಆಟಕ್ಕಿಳಿಯುವಾಗ ಇಲ್ಲದ ನಿಯಮದ ನ್ಯಾಯವನ್ನು ಯಾರೂ ಕೇಳುವಂತಿಲ್ಲ. ಯೂರೋಪಿನವರು ಕೂಡ ೨೦೨೧ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಆದರೆ ಆಟದ ಗೆಲುವು ಎಂಬುದು ಎಷ್ಟರಮಟ್ಟಿಗೆ ಕಾಲಿನ ಕೆಲಸ, ಎಷ್ಟರಮಟ್ಟಿಗೆ ಲೇಖನಿಯ ಕೆಲಸ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

ಚೀಟಿ ಬೇಡವೆಂದಮೇಲೆ ಉಳಿದ ದಾರಿ ಮೂರನೆಯ ಪಂದ್ಯ. ಡಿಸೆಂಬರ್ ೨೭ರಂದು, ಎರಡೂ ದೇಶಗಳಿಗೆ ಸೇರದ ಕೆಮರೂನಿನಲ್ಲಿ ಅದನ್ನು ಆಡಬೇಕೆಂದು ಒಕ್ಕೂಟ ಗೊತ್ತುಮಾಡಿತು. ಸುದ್ದಿ ಘಾನಾದ ಕಾಲ್ಚೆಂಡು ಸಂಘಕ್ಕೆ ಹೋಯಿತು. ಸಂಘದಿಂದ ಅದು ಕೊಟೊಕೊ ತಂಡಕ್ಕೆ ಹೋಗಲಿಲ್ಲ. ಗೊತ್ತಾದ ದಿನ ಕೊಟೊಕೊ ಕೆಮರೂನಿಗೆ ಬರಲಿಲ್ಲ. ಬಾರದ ತಂಡ ಸೋತಂತೆ ಎಂಬ ನಿಯಮದ ಪ್ರಕಾರ ಕಪ್ ಎಂಗ್ಲೆಬೆರ್‌ಗೆ ಸಂದಿತು.

ಅಂದಿನ ಆಫ್ರಿಕದಲ್ಲಿ ಸುದ್ದಿ ತಲುಪುವುದು ಸುಲಭವಾಗಿರಲಿಲ್ಲ ಎಂಬುದು ನಿಜ. ಅಕ್ರಾದಿಂದ ಪಕ್ಕದ ಫ್ರೆಂಚ್ ಭಾಷೆಯ ರಾಜಧಾನಿಗೆ ದೂರವಾಣಿಯಲ್ಲಿ ಮಾತಾಡಬೇಕಾದರೆ ತಂತಿ ಲಂಡನ್ನಿಗೆ ಹೋಗಿ, ಪ್ಯಾರಿಸ್ಸಿಗೆ ತಿರುಗಿ, ಮತ್ತೆ ಆಫ್ರಿಕಕ್ಕೆ ಇಳಿಯಬೇಕಾಗಿದ್ದ ಕಾಲ ಅದು. ಆಳುವವರು ಹೋದರೂ ಅವರು ಹಾಕಿದ ದಾರಿಗಳು ಹಾಗೆಯೇ ಉಳಿದಿದ್ದವು. ಆದರೆ ಈ ಪ್ರಕರಣದಲ್ಲಿ ದೂರುವುದಕ್ಕೆ ಲಂಡನ್ನೂ ಇಲ್ಲ, ಪ್ಯಾರಿಸ್ಸೂ ಇಲ್ಲ. ಖಂಡವನ್ನೆಲ್ಲ ದಾಟಿ ಬಂದ ಸುದ್ದಿ ನಿಂತುಹೋದದ್ದು ಸ್ವದೇಶದಲ್ಲಿ. ಅಕ್ರಾದಿಂದ ಕುಮಾಸಿಗೆ ರಸ್ತೆಯಲ್ಲಿ ಇನ್ನೂರೈವತ್ತು ಕಿಲೋಮೀಟರು. ಒಂದು ಹಗಲಿನ ಪ್ರಯಾಣ.

ಓದುಗರು ಗಮನಿಸಬೇಕಾದ ತೊಡಕು ಇಲ್ಲಿದೆ. ಖಂಡದ ಒಕ್ಕೂಟಕ್ಕೆ ಸದಸ್ಯರು ಕ್ಲಬ್ಬುಗಳಲ್ಲ, ದೇಶದ ಸಂಘಗಳು. ಒಕ್ಕೂಟ ಸಂಘಕ್ಕೆ ಬರೆದರೆ ತಂಡಕ್ಕೆ ಬರೆದಂತೆಯೇ ಎಂಬುದು ಕಾನೂನಿನ ಎಣಿಕೆ. ಆ ಎಣಿಕೆಯಂತೆ ಕೊಟೊಕೊಗೆ ಸುದ್ದಿ ತಿಳಿದಿತ್ತು, ವಾಸ್ತವದಲ್ಲಿ ತಿಳಿದಿರಲಿಲ್ಲ. ತಪ್ಪು ಮಾಡಿದ್ದು ಸಂಘ, ದಂಡ ತೆತ್ತದ್ದು ತಂಡ. ಎಂಗ್ಲೆಬೆರ್ ಮಾಡಿದ ತಪ್ಪಾದರೂ ಏನು? ಏನೂ ಇಲ್ಲ. ಅವರಿಗೆ ಬಂದ ಸುದ್ದಿ ನೆಟ್ಟಗೆ ಬಂತು. ಎದುರಾಳಿ ಬಾರದಿದ್ದುದಕ್ಕೆ ಅವರು ಹೊಣೆಗಾರರಲ್ಲ. ಇನ್ನೊಮ್ಮೆ ದಿನ ಗೊತ್ತುಮಾಡಬಹುದಾಗಿತ್ತೆಂದು ನಮಗೆ ಅನಿಸುತ್ತದೆ. ಆದರೆ ಖಂಡದ ಒಂದು ಸ್ಪರ್ಧೆ ಮೂರನೆಯ ವರ್ಷಕ್ಕೆ ಕಾಲಿಟ್ಟಿರುವಾಗ, ಬಾರದವರಿಗಾಗಿ ಕಾಯುವ ರೂಢಿ ಬೆಳೆದರೆ ಸ್ಪರ್ಧೆಯೇ ಉಳಿಯದೆಂದು ಒಕ್ಕೂಟದವರು ಅಂಜಿದ್ದರೆ ಅದನ್ನೂ ತಳ್ಳಿಹಾಕಲಾಗದು. ನ್ಯಾಯ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಇದ್ದಾಗ ನೋವು ಮಾತ್ರ ಒಂದೇ ಕಡೆಗೆ ಬೀಳುವುದು ಲೋಕದಲ್ಲಿ ಹೊಸದಲ್ಲ.

ಆಡದೆ ಉಳಿದ ಆ ಪಂದ್ಯದ ನಂತರ ಇಪ್ಪತ್ತೈದೇ ದಿನಗಳಲ್ಲಿ ಎರಡೂ ದೇಶಗಳು ಮತ್ತೆ ಎದುರುಬದುರಾದವು. ೧೯೬೮ರ ಜನವರಿ ೨೧ರಂದು ಇಥಿಯೋಪಿಯಾದ ಆಡಿಸ್ ಅಬಾಬಾ ನಗರದಲ್ಲಿ ರಾಷ್ಟ್ರಗಳ ಕಪ್ಪಿನ ಅಂತಿಮ ಪಂದ್ಯ. ೧೯೬೩ರಲ್ಲೂ ೧೯೬೫ರಲ್ಲೂ ಆ ಕಪ್ ಗೆದ್ದಿದ್ದ ಘಾನಾ ಒಂದು ಕಡೆ. ಬೆಲ್ಜಿಯಂನಲ್ಲಿ ಆಡುತ್ತಿದ್ದ ತನ್ನ ಆಟಗಾರರನ್ನು ತಾಯ್ನಾಡಿಗೆ ಕರೆಸಿಕೊಂಡಿದ್ದ ಕಾಂಗೋ ಇನ್ನೊಂದು ಕಡೆ. ಕಾಂಗೋ ೧–೦ಯಿಂದ ಗೆದ್ದಿತು. ಆ ಒಂದೇ ಗೋಲನ್ನು ಹೊಡೆದವರು ಪಿಯೆರ್ ಕಲಾಲಾ, ಎಂಗ್ಲೆಬೆರ್ ತಂಡದವರು! ಕಾಗದದ ಮೇಲೆ ಗೆದ್ದರೆಂಬ ಮಾತಿಗೆ ಅವರ ಕಡೆಯಿಂದ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿರಲಿಲ್ಲ. ಅದೇ ವರ್ಷ ಎಂಗ್ಲೆಬೆರ್ ಟೋಗೋ ದೇಶದ ಎಟ್ವಾಲ್ ಫಿಲಾಂತ್ ತಂಡವನ್ನು ಒಟ್ಟು ೬–೪ರಿಂದ ಸೋಲಿಸಿ ಕ್ಲಬ್ಬುಗಳ ಕಪ್ಪನ್ನು ಎರಡನೆಯ ಸಲವೂ ಪಡೆಯಿತು. ೧೯೬೯ರ ಸ್ಪರ್ಧೆಯ ಕೊನೆಯಲ್ಲಿ ಮಾತ್ರ ಈಜಿಪ್ಟಿನ ಇಸ್ಮಾಯಿಲಿ ತಂಡದ ಎದುರು ಸೋತಿತು.

ಕುಮಾಸಿಯವರು ಕಾದಿದ್ದ ದಿನ ಬಂದದ್ದು ೧೯೭೦ರ ಸ್ಪರ್ಧೆಯಲ್ಲಿ. ಮತ್ತೆ ಅಂತಿಮದಲ್ಲಿ ಅವೇ ಎರಡು ತಂಡಗಳು. ೧೯೭೧ರ ಜನವರಿ ೧೦ರಂದು ಕುಮಾಸಿಯಲ್ಲಿ ಮೊದಲ ಪಂದ್ಯ. ಫಲಿತಾಂಶ ಮತ್ತೆ ೧–೧. ಹಳೆಯ ಕಥೆಯೇ ಮರುಕಳಿಸುತ್ತದೆಂದು ಆ ರಾತ್ರಿ ಎಷ್ಟು ಮಂದಿಗೆ ನಿದ್ದೆ ಬಂದಿರಲಿಕ್ಕಿಲ್ಲವೋ! ಎರಡು ವಾರದ ಮೇಲೆ, ಜನವರಿ ೨೪ರಂದು, ಅದೇ ಕಿನ್ಶಾಸಾ. ಕೊಟೊಕೊದ ನಾಯಕ ಇಬ್ರಾಹಿಂ ಸಂಡೇ. ಗೋಲಿನ ಬಾಯಲ್ಲಿ ತಲೆಗೆ ಟೊಪ್ಪಿಗೆಯಿಟ್ಟು ನಿಂತವರು ರಾಬರ್ಟ್ ಮೆನ್ಸಾ. ಆ ಟೊಪ್ಪಿಗೆಯಲ್ಲಿ ಮಂತ್ರಶಕ್ತಿಯಿದೆಯೆಂದು ಎದುರಾಳಿಗಳು ಹೆದರುತ್ತಿದ್ದರೆಂಬ ಕಥೆಯನ್ನು ಘಾನಾದ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ಮಲಿಕ್ ಜಾಬಿರ್, ಅಬುಕರಿ ಗರಿಬಾ ಇಬ್ಬರೂ ಒಂದೊಂದು ಗೋಲು ಹೊಡೆದರು. ಎಂಗ್ಲೆಬೆರ್ ಹೊಡೆದದ್ದು ಒಂದೇ. ೨–೧. ಚೀಟಿಯಿಲ್ಲ, ನಾಣ್ಯವಿಲ್ಲ, ಕಾಗದಪತ್ರವಿಲ್ಲ. ಪರಸ್ಥಳದಲ್ಲಿ, ಪರರ ಜನಸಮೂಹದ ಮುಂದೆ, ಕೊಟೊಕೊ ಆಫ್ರಿಕದ ಚಾಂಪಿಯನ್ ಆಯಿತು. ಆ ವರ್ಷದ ಆಫ್ರಿಕದ ಶ್ರೇಷ್ಠ ಆಟಗಾರರೆಂಬ ಗೌರವ ಸಂಡೇ ಅವರಿಗೆ ಬಂದಿತು. ಮೆನ್ಸಾ ಅವರ ಭಾಗ್ಯ ಅಷ್ಟಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ತೇಮಾ ಪಟ್ಟಣದಲ್ಲಿ ನಡೆದ ಜಗಳವೊಂದರಲ್ಲಿ ಒಡೆದ ಸೀಸೆಯ ಇರಿತಕ್ಕೆ ಅವರು ಬಲಿಯಾದರು.

ನಿಯಮಗಳ ಕಾಟ ಕೊಟೊಕೊವನ್ನು ಅಷ್ಟಕ್ಕೆ ಬಿಡಲಿಲ್ಲ. ೧೯೭೧ರ ಕೊನೆಯಲ್ಲಿ ಮತ್ತೆ ಅಂತಿಮಕ್ಕೆ ಬಂದು, ಕೆಮರೂನಿನ ಕನೋನ್ ಯಾವುಂಡೆ ತಂಡವನ್ನು ಕುಮಾಸಿಯಲ್ಲಿ ೩–೦ಯಿಂದ ಸೋಲಿಸಿ, ಯಾವುಂಡೆಯಲ್ಲಿ ೦–೨ರಿಂದ ಸೋತರು. ಐದು ವರ್ಷ ಹಿಂದಿನ ಲೆಕ್ಕದಂತೆ ಆಗಿದ್ದರೆ ೩–೨, ಕಪ್ ಕೊಟೊಕೊದ್ದು. ಆದರೆ ಈ ಸಲ ಒಟ್ಟು ಗೋಲುಗಳ ಲೆಕ್ಕ ಹಿಡಿಯಲಿಲ್ಲ. ಆಳಿಗೊಂದು ಗೆಲುವಾಯಿತು, ಮೂರನೆಯ ಪಂದ್ಯವಾಗಲಿ ಎಂದರು. ಆ ಪಂದ್ಯವೂ ಯಾವುಂಡೆಯಲ್ಲೇ. ಕನೋನ್ ೧–೦ ಮುಂದಿದ್ದಾಗ ಜನ ಬಯಲಿಗೆ ನುಗ್ಗಿ ಆಟ ನಿಂತಿತು. ಕಪ್ ಕನೋನ್‌ಗೆ ಹೋಯಿತು. ಒಂದು ಸಲ ಮೂರನೆಯ ಪಂದ್ಯ ನಡೆಯದೆ ಕಪ್ ಕಳೆದುಕೊಂಡ ತಂಡ, ಇನ್ನೊಂದು ಸಲ ಮೂರನೆಯ ಪಂದ್ಯ ನಡೆಸಿದ್ದರಿಂದ ಕಳೆದುಕೊಂಡಿತು.

ಆಫ್ರಿಕದ ಕ್ಲಬ್ ಕಪ್ಪಿನ ಅಂತಿಮ ಸ್ಪರ್ಧೆ ಪೆನಾಲ್ಟಿ ಒದೆತಗಳಿಂದ ಮೊದಲು ತೀರ್ಮಾನವಾದದ್ದು ೧೯೭೬ರಲ್ಲಿ. ಗಿನಿ ದೇಶದ ಹಾಫಿಯಾ ಮತ್ತು ಅಲ್ಜೀರಿಯಾದ ಮುಲೂದಿಯಾ ತಂಡಗಳು ತಂತಮ್ಮ ಊರಲ್ಲಿ ೩–೦ ಗೆದ್ದು ಸಮವಾಗಿದ್ದವು; ಅಲ್ಜೀರಿಯದವರು ಪೆನಾಲ್ಟಿಗಳಲ್ಲಿ ೪–೧ರಿಂದ ಗೆದ್ದರು. ಆಮೇಲೆ ಚೀಟಿಯ ಮಾತು ಏಳಲಿಲ್ಲ. ಕಾಂಗೋ ಜಾಯಿರ್ ಎಂದು ಹೆಸರು ಬದಲಿಸಿಕೊಂಡ ಕಾಲದಲ್ಲಿ ಎಂಗ್ಲೆಬೆರ್ ಎಂಬ ಪರದೇಶಿ ಹೆಸರೂ ಹೋಗಿ ತಂಡ ಮಜೆಂಬೆ ಎನಿಸಿಕೊಂಡಿತು. ‘ಸರ್ವಶಕ್ತ’ ಎಂಬ ಬಿರುದನ್ನು ಮಾತ್ರ ಬಿಡಲಿಲ್ಲ. ೨೦೦೯, ೨೦೧೦, ೨೦೧೫ರಲ್ಲಿ ಅದು ಮತ್ತೆ ಖಂಡದ ಕಪ್ ಗೆದ್ದಿತು. ೨೦೧೦ರಲ್ಲಿ ವಿಶ್ವ ಕ್ಲಬ್ ಕಪ್ಪಿನ ಅಂತಿಮಕ್ಕೆ ಏರಿದ ಆಫ್ರಿಕದ ಮೊದಲ ತಂಡವೂ ಅದೇ. ಕೊಟೊಕೊ ೧೯೮೩ರಲ್ಲಿ ಈಜಿಪ್ಟಿನ ಅಲ್ ಅಹ್ಲಿ ತಂಡವನ್ನು ಸೋಲಿಸಿ ಎರಡನೆಯ ಕಪ್ ಪಡೆಯಿತು.

ಹೀಗೆ ಮಜೆಂಬೆಯ ಲೆಕ್ಕದಲ್ಲಿ ಐದು ಕಪ್ಪುಗಳು, ಕೊಟೊಕೊದ ಲೆಕ್ಕದಲ್ಲಿ ಎರಡು. ಐದರಲ್ಲಿ ಮೊದಲನೆಯದನ್ನು ಅಳಿಸಬೇಕೆಂದು ಯಾರೂ ಹೇಳುವುದಿಲ್ಲ. ಎರಡನ್ನು ಮೂರೆಂದು ತಿದ್ದಬೇಕೆಂದೂ ಹೇಳಲಾಗದು. ಆದರೆ ೧೯೬೭ರ ಸಾಲನ್ನು ಓದುವಾಗ ಆ ವರ್ಷ ಆಫ್ರಿಕದ ಇಬ್ಬರು ಮಲ್ಲರು ಎರಡು ಸಲ ಸೆಣಸಿ, ಎರಡು ಸಲವೂ ಒಬ್ಬರನ್ನೊಬ್ಬರು ಕೆಡವಲಾರದೆ ಹೋದರೆಂಬುದನ್ನು ಸೇರಿಸಿ ಓದಿಕೊಳ್ಳಬೇಕು. ಹೊಸದಾಗಿ ಸ್ವತಂತ್ರವಾದ ನಾಡುಗಳಿಗೆ ಧೀರರ ಕೊರತೆ ಇರಲಿಲ್ಲ. ಬಂದ ಕಾಗದವನ್ನು ತೆರೆದು ಓದಿ, ಮುಂದಿನವರ ಕೈಗೆ ಹೊತ್ತಿಗೆ ಸರಿಯಾಗಿ ದಾಟಿಸುವ ಗುಮಾಸ್ತರ ಕೊರತೆ ಇತ್ತು. ಆ ಕೊರತೆ ಒಂದು ಕಪ್ಪಿನ ಹಣೆಬರಹವನ್ನು ಬರೆಯಿತು. ಅದು ಬರೆದ ಇತರ ಹಣೆಬರಹಗಳನ್ನು ಲೆಕ್ಕ ಹಾಕಲು ಕಾಲ್ಚೆಂಡಿನ ದಾಖಲೆಪುಸ್ತಕ ಸಾಲದು.